ಎಂಟು ಸ್ಟೇಷನ್, ಅದೇ ಹಾಡು: ಬೆಂಗಳೂರಿನ ಎಫ್.ಎಂ. ಪೈಪೋಟಿ



ದತ್ತಿ ಉಪನ್ಯಾಸ ಎಂದರೆ ವಚನ, ಶಾಸನ, ದಾಸಸಾಹಿತ್ಯ ಇಂಥ ವಿಷಯ ಬರುವುದು ವಾಡಿಕೆ. ನಾನು ಎಫ್.ಎಂ. ರೇಡಿಯೋ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಒಂದು ಗಳಿಗೆ ಸುಮ್ಮನಾದರು. ಆಮೇಲೆ, "ಆಗಲಿ ಸಾರ್, ಆದರೆ ಹಾಡು ಹಾಕೋದು ಬೇಡ" ಎಂದರು. ಹಾಕುವುದಿಲ್ಲ. ಆದರೆ ಹಾಡು ಹಾಕುವವರ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

ಕಳೆದ ಎರಡು ದಶಕಗಳಲ್ಲಿ ಬೆಂಗಳೂರಿನ ಕಿವಿಗೆ ಬಿದ್ದ ಖಾಸಗಿ ಸ್ಟೇಷನ್ನುಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸಿ ನೋಡಿ: 91.1 ರೇಡಿಯೋ ಸಿಟಿ, 91.9 ಇಂಡಿಗೊ, 92.7 ಬಿಗ್, 93.5 ರೆಡ್, 94.3 ರೇಡಿಯೋ ಒನ್, 95 ಮಿರ್ಚಿಯ ಎರಡನೆಯದು, 98.3 ಮೊದಲಿನ ಮಿರ್ಚಿ, 104 ಫೀವರ್. ಮೊದಲ ಐದನ್ನು ಇನ್ನೊಮ್ಮೆ ಗಮನಿಸಿ. ಒಂದಕ್ಕೂ ಇನ್ನೊಂದಕ್ಕೂ ಸರಿಯಾಗಿ 0.8 ಮೆಗಾಹರ್ಟ್ಸ್ ಅಂತರ. ಒಂದರ ದನಿ ಇನ್ನೊಂದರೊಳಗೆ ನುಗ್ಗಬಾರದೆಂದು ಸರ್ಕಾರ ಮಾಡಿದ ನಿಯಮ ಇದು. ತರಂಗಗಳ ನಡುವೆ ಇಷ್ಟು ಕಟ್ಟುನಿಟ್ಟಾಗಿ ಕಾಯ್ದ ಅಂತರ ಹಾಡುಗಳ ನಡುವೆ ಯಾಕೆ ಉಳಿಯಲಿಲ್ಲ ಎಂಬುದೇ ಇವತ್ತು ನಾನು ಎತ್ತಿಕೊಂಡಿರುವ ಪ್ರಶ್ನೆ.

ಖಾಸಗಿ ರೇಡಿಯೋ ಎಂಬುದು ಕನ್ನಡನಾಡಿಗೆ 2001ರಲ್ಲಿ ಬಂದ ಹೊಸ ಅತಿಥಿಯೇನಲ್ಲ. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲೇ 30 ವಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರುಮಾಡಿದರು. ಇವತ್ತಿನ ಎಲ್‌ಇಡಿ ಬಲ್ಬಿಗಿಂತ ಒಂದಿಷ್ಟು ಹೆಚ್ಚು, ಅಷ್ಟೇ ಶಕ್ತಿ. ಅದಕ್ಕೆ ಇಟ್ಟ ಆಕಾಶವಾಣಿ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಸಂಸ್ಥಾನ ಅದನ್ನು ವಹಿಸಿಕೊಂಡಿತು, 1950ರಲ್ಲಿ ಅದು ಕೇಂದ್ರದ ಕೈಗೆ ಹೋಯಿತು, 1955ರ ನವೆಂಬರಿನಲ್ಲಿ ಬೆಂಗಳೂರು ಕೇಂದ್ರ ತಲೆಯೆತ್ತಿತು. ಅಲ್ಲಿಂದ ಮುಂದೆ ಐವತ್ತು ವರ್ಷದ ಹತ್ತಿರ ಗಾಳಿಯೆಲ್ಲ ಸರ್ಕಾರದ್ದು.

ಆದರೆ ಸರ್ಕಾರದ ಗಾಳಿಗೂ ಪೈಪೋಟಿಯ ಬಿಸಿ ತಟ್ಟಿತ್ತು. 1952ರಲ್ಲಿ ಪ್ರಸಾರ ಖಾತೆಯ ಕೇಂದ್ರ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಎಂದರೆ ಅಲರ್ಜಿ. ಆಕಾಶವಾಣಿಯಲ್ಲಿ ಚಿತ್ರಗೀತೆ ಹೆಚ್ಚುಕಡಿಮೆ ನಿಂತೇಹೋಯಿತು. ಜನ ಶಾಸ್ತ್ರೀಯ ಸಂಗೀತ ಕೇಳುತ್ತ ಕೂರುತ್ತಾರೆಂದು ಅವರು ನಂಬಿದ್ದರು. ಜನ ಮುಳ್ಳನ್ನು ರೇಡಿಯೋ ಸಿಲೋನಿನ ಕಡೆ ತಿರುಗಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ ಅಮೀನ್ ಸಯಾನಿಯವರ 'ಬಿನಾಕಾ ಗೀತ್‌ಮಾಲಾ' ಅಲ್ಲಿ ಆರಂಭವಾಯಿತು. ಹಾಡುಗಳಿಗೆ ವಾರವಾರವೂ ರ‍್ಯಾಂಕು ಕೊಟ್ಟು, ಮೊದಲ ಸ್ಥಾನ ಯಾರಿಗೆ ಎಂಬ ಕುತೂಹಲವನ್ನು ಎಳೆದು ಎಳೆದು ಮಾರುವ ವಿದ್ಯೆ ಭಾರತದ ಕಿವಿಗೆ ಹತ್ತಿದ್ದು ಅಲ್ಲಿಂದ. ಸಿಲೋನ್ ಕನ್ನಡ ಚಿತ್ರಗೀತೆಗಳಿಗೂ ಒಂದಿಷ್ಟು ಹೊತ್ತು ಕೊಡುತ್ತಿತ್ತು. ಕರಾವಳಿ, ಮಲೆನಾಡಿನ ಹಳಬರು ಅದನ್ನು ಈಗಲೂ ನೆನೆಯುತ್ತಾರೆ. ಐದು ವರ್ಷ ಸೋತ ಮೇಲೆ, 1957ರ ಅಕ್ಟೋಬರ್ 3ರಂದು, ಸರ್ಕಾರವೇ ವಿವಿಧ ಭಾರತಿಯನ್ನು ತೆರೆಯಬೇಕಾಯಿತು. 1967ರಲ್ಲಿ ಅದಕ್ಕೆ ಜಾಹೀರಾತೂ ಬಂತು. ಸಮುದ್ರದಾಚೆಯ ಒಂದು ಸ್ಟೇಷನ್ ದೆಹಲಿಯ ನೀತಿಯನ್ನೇ ಬದಲಿಸಿತು ಎಂಬುದನ್ನು ನೆನಪಿಡಿ. ಪೈಪೋಟಿ ಕೆಟ್ಟದ್ದು ಎಂದು ವಾದಿಸಲು ನಾನು ಬಂದಿಲ್ಲ.

ಈಗ ನೇರ ಬೆಂಗಳೂರಿಗೆ. 1995ರಲ್ಲಿ ಸುಪ್ರೀಂ ಕೋರ್ಟು, ಕ್ರಿಕೆಟ್ ಪ್ರಸಾರದ ಒಂದು ವ್ಯಾಜ್ಯದಲ್ಲಿ, ಗಾಳಿತರಂಗ ಸಾರ್ವಜನಿಕ ಆಸ್ತಿ ಎಂದು ತೀರ್ಪು ಕೊಟ್ಟಿತು. ಸರ್ಕಾರ ಅದನ್ನು ತನಗೆ ಬೇಕಾದಂತೆ ಓದಿಕೊಂಡು ಹರಾಜಿಗೆ ಇಳಿಯಿತು. ಮೊದಲ ಹಂತದ ಹರಾಜಿನಲ್ಲಿ ಕೂಗಿದವರೆಲ್ಲ ಹುರುಪಿನಿಂದ ಕೂಗಿದರು. ಕೊನೆಗೆ ಉಳಿದು ಪ್ರಸಾರ ಮಾಡಿದ್ದು 12 ನಗರಗಳಲ್ಲಿ 21 ಸ್ಟೇಷನ್ ಮಾತ್ರ. ಕಾರಣ ಲೈಸೆನ್ಸ್ ಶುಲ್ಕ. ಅದು ವರ್ಷವರ್ಷವೂ ಶೇ. 15ರಷ್ಟು ಏರುತ್ತಿತ್ತು, ವ್ಯಾಪಾರ ಆದರೂ ಸರಿ ಆಗದಿದ್ದರೂ ಸರಿ. ಆ ಲೈಸೆನ್ಸಿನ ಮೇಲೆ ದೇಶದಲ್ಲೇ ಮೊದಲು ಬಾಯಿಬಿಟ್ಟದ್ದು ಬೆಂಗಳೂರಿನ ರೇಡಿಯೋ ಸಿಟಿ, 2001ರ ಜುಲೈ 3ರಂದು.

ಆಗಿನ ರೇಡಿಯೋ ಸಿಟಿಯನ್ನು ಕೇಳಿದವರಿಗೆ ಗೊತ್ತು, ಅದರ ಬೆಂಗಳೂರು ಮುಖ್ಯವಾಗಿ ಎಂ.ಜಿ. ರೋಡು, ಬ್ರಿಗೇಡ್ ರೋಡಿನದು. ಮಾತು ಇಂಗ್ಲಿಷು, ಹಾಡು ಹಿಂದಿ ಮತ್ತು ಇಂಗ್ಲಿಷು, ನಡುವೆ ಒಂದಿಷ್ಟು ಕನ್ನಡ. ಇದನ್ನು ಕನ್ನಡದ್ವೇಷ ಎಂದು ಬೈದವರಿದ್ದರು. ನನಗೆ ಅದು ದ್ವೇಷಕ್ಕಿಂತ ಲೆಕ್ಕದ ಮಾತು ಎನಿಸುತ್ತದೆ. ಶೇ. 15ರ ಏರಿಕೆ ಕಟ್ಟಬೇಕಾದವನು ದೊಡ್ಡ ಜಾಹೀರಾತನ್ನೇ ಹುಡುಕಬೇಕು. ದೊಡ್ಡ ಜಾಹೀರಾತು ನಿರ್ಧಾರವಾಗುವುದು ಮುಂಬೈಯಲ್ಲಿ. ಮುಂಬೈಯಲ್ಲಿ ಕೂತವನಿಗೆ ಬೆಂಗಳೂರು ಎಂದರೆ ಸಾಫ್ಟ್‌ವೇರ್ ಹುಡುಗರು. ಚಿಕ್ಕಪೇಟೆಯ ಸೀರೆ ಅಂಗಡಿ, ಜಯನಗರದ ಬಂಗಾರದ ಅಂಗಡಿ, ಕೆಂಗೇರಿಯ ಸೈಟು ಮಾರುವವನು, ಇವರು ಯಾರೂ ಆ ಚಿತ್ರದಲ್ಲಿ ಇರಲಿಲ್ಲ.

ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದು 2005ರ ಎರಡನೆಯ ಹಂತದ ನೀತಿ. ಏರುವ ಶುಲ್ಕ ಹೋಯಿತು. ಒಮ್ಮೆ ಪ್ರವೇಶ ಶುಲ್ಕ ಕಟ್ಟಿ, ಆಮೇಲೆ ಆದಾಯದಲ್ಲಿ ಶೇ. 4 ಕೊಟ್ಟರೆ ಸಾಕು ಎಂದಾಯಿತು. ದೇಶದಾದ್ಯಂತ 91 ನಗರಗಳಲ್ಲಿ 338 ಚಾನೆಲ್ ಹರಾಜಿಗೆ ಬಂದವು. ಬೆಂಗಳೂರಿನಲ್ಲಿ 2006-07ರ ಹೊತ್ತಿಗೆ ಮಿರ್ಚಿ, ಬಿಗ್, ಇಂಡಿಗೊ, ರೇಡಿಯೋ ಒನ್, ಫೀವರ್ ಒಟ್ಟೊಟ್ಟಿಗೆ ಇಳಿದವು. ಆಮೇಲೆ ರೆಡ್ ಎಂದು ಹೆಸರು ಬದಲಿಸಿಕೊಂಡ ಎಸ್ ಎಫ್.ಎಂ. ಕೂಡ. ಹೊಸ ನಿಯಮದ ತಮಾಷೆ ಏನೆಂದರೆ, ಇವರೆಲ್ಲ ಒಂದೇ ಗೋಪುರವನ್ನು ಹಂಚಿಕೊಳ್ಳಬೇಕಿತ್ತು. ಕೆಳಗೆ ಸ್ಟುಡಿಯೋಗಳಲ್ಲಿ ಒಬ್ಬರನ್ನೊಬ್ಬರು ಹಣಿಯಲು ಹವಣಿಸುವವರು ಮೇಲೆ ಒಂದೇ ಆ್ಯಂಟೆನಾದಿಂದ ಒಟ್ಟಾಗಿ ಹೊರಡುತ್ತಿದ್ದರು.

ಇಷ್ಟು ಜನ ಒಮ್ಮೆಲೇ ಬಂದಾಗ ಸಾಫ್ಟ್‌ವೇರ್ ಹುಡುಗರು ಎಲ್ಲರಿಗೂ ಸಾಲಲಿಲ್ಲ. ಉಳಿದ ಊರು ಆಗ ಕಣ್ಣಿಗೆ ಬಿತ್ತು. ಕನ್ನಡ ಹಾಡು ಹಾಕಿ ಎಂದು ಸಂಘಟನೆಗಳು ಒತ್ತಾಯಿಸಿದ್ದೂ ನಿಜ. ಆ ಒತ್ತಾಯಕ್ಕೆ ಬೆಲೆ ಇಲ್ಲ ಎನ್ನುವುದಿಲ್ಲ. ಆದರೆ ಸ್ಟೇಷನ್ನುಗಳ ಮನಸ್ಸು ತಿರುಗಿದ್ದು ಬೇರೆ ಎರಡು ಕಾರಣಕ್ಕೆ. ಒಂದು, 2006ರ ಡಿಸೆಂಬರ್ ಕೊನೆಗೆ ಬಿಡುಗಡೆಯಾದ 'ಮುಂಗಾರು ಮಳೆ'. ಯೋಗರಾಜ ಭಟ್ಟರ ಚಿತ್ರ, ಮನೋಮೂರ್ತಿ ಸಂಗೀತ, ಕೆಲವು ಹಾಡುಗಳಿಗೆ ಜಯಂತ ಕಾಯ್ಕಿಣಿಯವರ ಸಾಹಿತ್ಯ, ಸೋನು ನಿಗಮ್ ದನಿ. ಅಲ್ಲಿಯವರೆಗೆ ಕನ್ನಡ ಹಾಡು 'ಕ್ಲಾಸ್' ಅಲ್ಲ ಎನ್ನುತ್ತಿದ್ದ ಮ್ಯೂಸಿಕ್ ಮ್ಯಾನೇಜರುಗಳಿಗೆ, ಹಿಂದಿ ಹಾಡಿನ ಪಕ್ಕದಲ್ಲಿ ಹಾಕಿದರೂ ಕಳೆಗುಂದದ ಹಾಡು ಸಿಕ್ಕಿತು. ಮಲ್ಟಿಪ್ಲೆಕ್ಸಿನಲ್ಲಿ ವರ್ಷ ದಾಟಿ ಓಡಿದ ಚಿತ್ರದ ಹಾಡನ್ನು ಬಿಟ್ಟು ಯಾವ ಸ್ಟೇಷನ್ ಬದುಕಬಲ್ಲದು? ಅದರ ಬೆನ್ನಿಗೇ 'ದುನಿಯಾ', 'ಮಿಲನ', 'ಗಾಳಿಪಟ' ಬಂದವು. ಎರಡು, ಜಾಹೀರಾತಿನ ಹಣ ಮುಂಬೈ ಬಿಟ್ಟು ಚಿಕ್ಕಪೇಟೆಯಿಂದಲೂ ಬರತೊಡಗಿತು. ಸೀರೆ ಅಂಗಡಿಯವರು ಇಂಗ್ಲಿಷಿನಲ್ಲಿ ಆಷಾಢದ ರಿಯಾಯಿತಿ ಹೇಳಿಸುವುದಿಲ್ಲ.

ಹೀಗೆ ಎರಡೇ ಮೂರು ವರ್ಷದಲ್ಲಿ ಬೆಂಗಳೂರಿನ ಖಾಸಗಿ ರೇಡಿಯೋದ ದೊಡ್ಡ ಪಾಲು ಕನ್ನಡಕ್ಕೆ ಬಂತು. ಮಿರ್ಚಿಯ 'ಸಖತ್ ಹಾಟ್ ಮಗಾ' ಊರ ಗೋಡೆಗಳ ಮೇಲೆಲ್ಲ ಕಂಡಿತು. ಆ ಘೋಷವಾಕ್ಯ ಕೇಳಿ ಮೂಗು ಮುರಿದ ಪಂಡಿತರಲ್ಲಿ ನಾನಿಲ್ಲ. ಶಾಲೆಯ ಪುಸ್ತಕದಲ್ಲಿ ಇಲ್ಲದ, ಬಸ್ ಸ್ಟ್ಯಾಂಡಿನಲ್ಲಿ ಇರುವ ಕನ್ನಡ ಮೊದಲ ಬಾರಿಗೆ ನಾಚಿಕೆಯಿಲ್ಲದೆ ಮೈಕಿನ ಮುಂದೆ ಕೂತಿತು. ರೆಡ್ ಎಫ್.ಎಂ.ನ 'ಕಲರ್ ಕಾಗೆ', ಫೀವರಿನಲ್ಲಿ ಡ್ಯಾನಿಶ್ ಸೇಟ್ ಮಾಡುತ್ತಿದ್ದ ಕುಚೋದ್ಯದ ಕರೆಗಳು, ಇವುಗಳಲ್ಲಿ ಬೆಂಗಳೂರಿನ ಬೇರೆಬೇರೆ ಬಡಾವಣೆಗಳ ಕನ್ನಡ, ಅದರ ಉರ್ದು, ತಮಿಳು, ಇಂಗ್ಲಿಷ್ ಬೆರಕೆಯ ಸಮೇತ ದಾಖಲಾಗಿದೆ. ಮುಂದೆ ಯಾರಾದರೂ ಈ ನಗರದ ಆಡುಮಾತಿನ ಬಗ್ಗೆ ಪಿಎಚ್.ಡಿ. ಮಾಡುವುದಾದರೆ ಆ ಧ್ವನಿಮುದ್ರಿಕೆಗಳನ್ನು ಬಿಟ್ಟು ಮಾಡಲಾಗದು.

ಇಲ್ಲಿಯವರೆಗಿನದು ಪೈಪೋಟಿಯ ಒಳ್ಳೆಯ ಮುಖ. ಇನ್ನೊಂದು ಮುಖ ನೋಡಬೇಕಾದರೆ ಒಂದು ಹಿಟ್ ಸ್ಟೇಷನ್ ಒಳಗೆ ಹಾಡು ಆರಿಸುವ ಬಗೆ ತಿಳಿಯಬೇಕು.

ಆರ್‌ಜೆ ತನಗೆ ಇಷ್ಟ ಬಂದ ಹಾಡು ಹಾಕುತ್ತಾನೆ ಎಂದು ಬಹಳ ಜನ ತಿಳಿದಿದ್ದಾರೆ. ಸ್ಟುಡಿಯೋಕ್ಕೆ ಅವನು ಬರುವ ಹೊತ್ತಿಗೆ ಆ ಗಂಟೆಯ ಹಾಡುಗಳ ಪಟ್ಟಿ ಕಂಪ್ಯೂಟರಿನಲ್ಲಿ ಸಿದ್ಧವಿರುತ್ತದೆ. ಸ್ಟೇಷನ್ನಿನ ಹಾಡುಗಳನ್ನೆಲ್ಲ ನಾಲ್ಕೈದು ಡಬ್ಬಿಗಳಲ್ಲಿ ಹಾಕಿಟ್ಟಿರುತ್ತಾರೆ. ಈ ವಾರ ಎಲ್ಲರ ಬಾಯಲ್ಲಿರುವುದು 'ಪವರ್', ಈಗಷ್ಟೇ ಏರುತ್ತಿರುವುದು 'ಕರೆಂಟ್', ಕೆಲವು ತಿಂಗಳ ಹಿಂದೆ ಮೆರೆದದ್ದು 'ರಿಕರೆಂಟ್', ಹಳೆಯದು 'ಗೋಲ್ಡ್'. ಪವರ್ ಡಬ್ಬಿಯಲ್ಲಿ ಬೆರಳೆಣಿಕೆಯ ಹಾಡು, ಅವು ಮೂರು ನಾಲ್ಕು ಗಂಟೆಗೊಮ್ಮೆ ಸುತ್ತಿ ಬರಲೇಬೇಕು. ಯಾವ ಹಾಡು ಯಾವ ಡಬ್ಬಿಗೆ ಎಂಬುದನ್ನು ತೀರ್ಮಾನಿಸಲು ಜನರಿಗೆ ಫೋನು ಮಾಡಿ ಹಾಡಿನ ಹತ್ತು ಸೆಕೆಂಡಿನ ತುಣುಕು ಕೇಳಿಸುತ್ತಾರೆ. ಗೊತ್ತಾ? ಇಷ್ಟವಾ? ಕೇಳಿ ಕೇಳಿ ಬೇಜಾರಾಗಿದೆಯಾ? ಮೂರೇ ಪ್ರಶ್ನೆ. ಹತ್ತು ಸೆಕೆಂಡಿನಲ್ಲಿ ಗುರುತು ಸಿಗದ ಹಾಡಿಗೆ ಡಬ್ಬಿಯೇ ಇಲ್ಲ. ಪಲ್ಲವಿಗೆ ಬರುವ ಮುನ್ನ ಒಂದು ನಿಮಿಷ ಆಲಾಪ ಇರುವ ಹಾಡಿನ ಗತಿ ಏನು ಎಂದು ನೀವೇ ಊಹಿಸಿ.

ಅಳತೆಯ ವಿಚಾರವೂ ಹೀಗೇ. 2007ರಿಂದ ಬೆಂಗಳೂರೂ ಸೇರಿ ನಾಲ್ಕು ಮಹಾನಗರಗಳಲ್ಲಿ ರ‍್ಯಾಮ್ ಎಂಬ ಶ್ರೋತೃ ಸಮೀಕ್ಷೆ ನಡೆಯಿತು. ನಗರಕ್ಕೆ ಕೆಲವು ನೂರು ಜನರ ಕೈಗೆ ಡೈರಿ ಕೊಟ್ಟು, ಯಾವ ಹೊತ್ತಿನಲ್ಲಿ ಯಾವ ಸ್ಟೇಷನ್ ಕೇಳಿದಿರಿ ಎಂದು ಬರೆಸುವುದು. ರೇಡಿಯೋ ವ್ಯಾಪಾರದಲ್ಲಿ ಹದಿನೈದು ನಿಮಿಷವೇ ಒಂದು ಸೇರು. ಆದ್ದರಿಂದಲೇ ಕಾಲು ಗಂಟೆಯ ಗಡಿ ದಾಟುವಾಗ ಜಾಹೀರಾತು ಬಾರದಂತೆ, ಒಳ್ಳೆಯ ಹಾಡೊಂದು ಆಚೀಚೆ ಕಾಲು ಚಾಚಿ ಕೂರುವಂತೆ ನೋಡಿಕೊಳ್ಳುತ್ತಾರೆ. ಎಲ್ಲರೂ ಹಾಗೆ ಮಾಡುವುದರಿಂದ ಎಲ್ಲ ಸ್ಟೇಷನ್ನಿನ ಜಾಹೀರಾತೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬೀಳುತ್ತದೆ. ಒಮ್ಮೆ ಮಾಗಡಿ ರೋಡಿನ ಜಾಮಿನಲ್ಲಿ ಆಟೋದವರು ಪಟಪಟ ಗುಂಡಿ ಒತ್ತುತ್ತಿದ್ದರು.

"ಯಾಕಣ್ಣ, ಹಾಡು ಚೆನ್ನಾಗಿತ್ತಲ್ಲ?"

"ಹಾಡು ಚೆನ್ನಾಗೇ ಇತ್ತು ಸಾರ್, ಮುಗೀತಲ್ಲ. ಈಗ ಎಲ್ಲಾ ಕಡೆ ಫ್ಲಾಟ್ ಮಾರ್ತಾವ್ರೆ. ಇನ್ನೆರಡು ನಿಮಿಷ, ಅದೇ ಹಾಡು ಆ ಕಡೇಲಿ ಬತ್ತದೆ ನೋಡಿ."

ಬಂತು.

ಇದು ಬೆಂಗಳೂರಿನವರ ಬುದ್ಧಿಗೇಡಿತನ ಎಂದುಕೊಳ್ಳಬೇಡಿ. ಪೀಟರ್ ಸ್ಟೈನರ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1952ರಲ್ಲೇ, ನಮ್ಮಲ್ಲಿ ಕೇಸ್ಕರ್ ಸಚಿವರಾದ ವರ್ಷವೇ, ಈ ಲೆಕ್ಕವನ್ನು ಬಿಡಿಸಿಟ್ಟಿದ್ದ. ಅವನ ತರ್ಕವನ್ನು ನಮ್ಮ ಊರಿನ ಹಾಡುಗಳಿಗೆ ಹೊಂದಿಸಿ ಹೇಳುತ್ತೇನೆ. ಸಂಖ್ಯೆಗಳು ನಾನು ಉದಾಹರಣೆಗೆಂದು ಹಾಕಿಕೊಂಡವು. ನೂರು ಕೇಳುಗರಿದ್ದಾರೆ ಎನ್ನಿ. 80 ಜನಕ್ಕೆ ಹೊಸ ಸಿನಿಮಾ ಹಾಡು ಬೇಕು, 12 ಜನಕ್ಕೆ ಭಾವಗೀತೆ, 8 ಜನಕ್ಕೆ ಜನಪದ. ಮೊದಲ ಸ್ಟೇಷನ್ ಸಿನಿಮಾ ಹಾಡು ಹಾಕುತ್ತದೆ, 80 ಜನರೂ ಅದಕ್ಕೇ. ಎರಡನೆಯದು ಬಂದಾಗ? ಭಾವಗೀತೆ ಹಾಕಿದರೆ 12, ಸಿನಿಮಾ ಹಾಡನ್ನೇ ಹಾಕಿ ಪಾಲು ಕೇಳಿದರೆ 40. ಮೂರನೆಯದಕ್ಕೆ ಸುಮಾರು 27, ನಾಲ್ಕನೆಯದಕ್ಕೆ 20, ಐದನೆಯದಕ್ಕೆ 16, ಆರನೆಯದಕ್ಕೆ 13. ಇನ್ನೂ ಸಿನಿಮಾ ಹಾಡೇ ಲಾಭ. ಏಳನೆಯ ಸ್ಟೇಷನ್ ಬಂದ ಮೇಲಷ್ಟೇ ಭಾವಗೀತೆಯ 12 ಜನರ ಕಡೆ ಯಾರಾದರೂ ತಿರುಗಿ ನೋಡುವುದು. ಜನಪದದವರು ಕನಿಷ್ಠ ಹನ್ನೊಂದನೆಯ ಸ್ಟೇಷನ್ನಿಗಾಗಿ ಕಾಯಬೇಕು. ಬೆಂಗಳೂರಿನಲ್ಲಿ ಖಾಸಗಿ ಸ್ಟೇಷನ್ ಎಂಟು. ಅದರಲ್ಲೂ ಕೆಲವು ಹಿಂದಿಗೆ, ಒಂದು ಇಂಗ್ಲಿಷಿಗೆ.

ಸ್ಟೈನರನ ತರ್ಕದ ಇನ್ನರ್ಧ ಕೇಳಿದರೆ ಪೈಪೋಟಿಯ ಭಕ್ತರಿಗೆ ಸಿಟ್ಟು ಬರುತ್ತದೆ. ಅದೇ ಊರಿನ ಮೂರು ಸ್ಟೇಷನ್ ಒಬ್ಬನ ಕೈಯಲ್ಲೇ ಇದ್ದರೆ? ಮೂರರಲ್ಲೂ ಸಿನಿಮಾ ಹಾಡು ಹಾಕಿದರೆ ಅವನಿಗೆ ಸಿಗುವುದು 80, ತನ್ನ ಜನರನ್ನು ತಾನೇ ಹಂಚಿಕೊಂಡಂತೆ. ಒಂದರಲ್ಲಿ ಸಿನಿಮಾ, ಒಂದರಲ್ಲಿ ಭಾವಗೀತೆ, ಒಂದರಲ್ಲಿ ಜನಪದ ಹಾಕಿದರೆ ನೂರಕ್ಕೆ ನೂರು. ವೈವಿಧ್ಯ ಬರುವುದು ಅವನಿಗೆ ಸಂಸ್ಕೃತಿಯ ಮೇಲಿನ ಪ್ರೀತಿಯಿಂದಲ್ಲ, ಅದೇ ಲಾಭದ ಲೆಕ್ಕದಿಂದ.

ಪುಸ್ತಕದ ಬದನೆಕಾಯಿ ಎನ್ನಬೇಡಿ, ಬೆಂಗಳೂರಿನಲ್ಲೇ ಸಾಕ್ಷಿ ಇದೆ. ಆಕಾಶವಾಣಿ ಒಬ್ಬನೇ ಮಾಲೀಕ. ಅವನಿಗೆ 102.9ರಲ್ಲಿ ವಿವಿಧ ಭಾರತಿ, 101.3ರಲ್ಲಿ ಕಾಮನಬಿಲ್ಲು, 100.1ರಲ್ಲಿ 2004ರಿಂದ ಶಾಸ್ತ್ರೀಯ ಸಂಗೀತಕ್ಕೇ ಮೀಸಲಾಗಿ ಅಮೃತವರ್ಷಿಣಿ. ಮೂರಕ್ಕೂ ಮೂರು ದಾರಿ. ಇನ್ನು ಖಾಸಗಿಯವರ ಕಡೆ ಬನ್ನಿ. ಎರಡನೆಯ ಹಂತದಲ್ಲಿ ಒಂದು ನಗರದಲ್ಲಿ ಒಬ್ಬರಿಗೆ ಒಂದೇ ಚಾನೆಲ್ ಎಂಬ ನಿಯಮವಿತ್ತು. ಮೂರನೆಯ ಹಂತ ಅದನ್ನು ಸಡಿಲಿಸಿತು. 2015ರ ಹರಾಜಿನಲ್ಲಿ ಬೆಂಗಳೂರಿಗೆ ಇದ್ದದ್ದು ಒಂದೇ ತರಂಗ. ನೂರು ಕೋಟಿ ರೂಪಾಯಿಗೂ ಮೇಲೆ ಕೊಟ್ಟು ಅದನ್ನು ಕೊಂಡದ್ದು ಮಿರ್ಚಿಯ ಮಾಲೀಕರು. ಅಷ್ಟು ಹಣ ಸುರಿದು ಅವರು ಇನ್ನೊಂದು ಕನ್ನಡ ಹಿಟ್ ಸ್ಟೇಷನ್ ತೆರೆದರೇ? ಇಲ್ಲ. 98.3ರಲ್ಲಿ ಕನ್ನಡ ಇದ್ದಂತೆಯೇ ಇತ್ತು, 95ರಲ್ಲಿ ಹಿಂದಿ ಶುರುವಾಯಿತು. ತನ್ನ ಅಂಗಡಿಯ ಎದುರು ತಾನೇ ಅಂಗಡಿ ಹಾಕುವ ಮೂರ್ಖ ಯಾರು?

ಹಾಗಾದರೆ ಪೈಪೋಟಿಯಲ್ಲಿ ಕನ್ನಡ ಗೆದ್ದಿತೆಂದು ಹೇಳುವಾಗ ಯಾವ ಕನ್ನಡ ಎಂದೂ ಹೇಳಬೇಕು. 2005ರಲ್ಲಿ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ಅವರ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಸೇರಿದ ಜನಸಾಗರವನ್ನು ಕಂಡವರು ಈ ಸಭೆಯಲ್ಲೂ ಇದ್ದೀರಿ. ಮರುವರ್ಷವೇ ಅದೇ ಊರಿನಲ್ಲಿ ಸಾಲುಸಾಲು ಸ್ಟೇಷನ್ ಬಂದವು, ಒಂದಾದರೂ ಆ ಜನಸಾಗರಕ್ಕಾಗಿ ಬರಲಿಲ್ಲ. ಆ ಮೈದಾನದಲ್ಲಿದ್ದವರಿಗೆ ಸಿನಿಮಾ ಹಾಡೂ ಬೇಕು, ಭಾವಗೀತೆಯೂ ಬೇಕು. ಫೋನಿನ ಹತ್ತು ಸೆಕೆಂಡು ಅವರ ಮೊದಲನೆಯ ಆಸೆಯನ್ನು ಮಾತ್ರ ಹಿಡಿಯಬಲ್ಲದು.

ಎಲ್ಲರ ಹಾಡೂ ಒಂದೇ ಆದಾಗ ಬೇರೆಯಾಗಿ ಕಾಣಲು ಉಳಿದದ್ದು ಮಾತು. ಅಲ್ಲೂ ಸರ್ಕಾರ ಬಾಯಿಗೆ ಬೀಗ ಹಾಕಿತು. ಖಾಸಗಿ ಎಫ್.ಎಂ.ನವರು ಸ್ವಂತ ಸುದ್ದಿ ಹೇಳುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಬಹುದು, ಅಷ್ಟೇ. ಟ್ರಾಫಿಕ್, ಹವಾಮಾನ, ನೀರು-ಕರೆಂಟಿನ ಮಾಹಿತಿ, ಪರೀಕ್ಷೆಯ ಫಲಿತಾಂಶ ಇವು ಸುದ್ದಿಯ ಲೆಕ್ಕಕ್ಕಿಲ್ಲ ಎಂದು ನಿಯಮ. ಅಂದರೆ ಸಿಲ್ಕ್ ಬೋರ್ಡಿನಲ್ಲಿ ಗಾಡಿ ನಿಂತಿವೆ ಎಂದು ಆರ್‌ಜೆ ಹೇಳಬಹುದು. ಆ ರಸ್ತೆ ಕಾಮಗಾರಿ ಯಾಕೆ ಮುಗಿಯುತ್ತಿಲ್ಲ ಎಂದು ವಿಚಾರಿಸಿ ವರದಿ ಮಾಡುವಂತಿಲ್ಲ. ಮೈಕಿನ ಮುಂದಿನ ಚುರುಕು ಹುಡುಗ ಹುಡುಗಿಯರೆಲ್ಲ ಕುಚೋದ್ಯದ ಕರೆಗೂ ಸಿನಿಮಾ ಪ್ರಚಾರಕ್ಕೂ ಹರಿದುಹೋದದ್ದರಲ್ಲಿ ಈ ಬೀಗದ ಪಾತ್ರ ದೊಡ್ಡದು. 2023ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಗಂಟೆಗೆ ಹತ್ತು ನಿಮಿಷ ಸುದ್ದಿಗೆ ಅವಕಾಶ ಕೊಡಿ ಎಂದು ಶಿಫಾರಸು ಮಾಡಿದೆ. ಯಾವ ಹೊಸ ವಿನಾಯಿತಿಗಿಂತಲೂ ಇದು ಮೊದಲು ಜಾರಿಯಾಗಬೇಕೆಂದು ನನ್ನ ಅಭಿಪ್ರಾಯ.

ಮೊಬೈಲು ಹಾಡು ಹೇಳತೊಡಗಿದ ಮೇಲೆ ಈ ಎಂಟರ ನಡುವಿನ ಜಗಳ ಹಳೆಯದಾಯಿತು, ನಿಜ. ಬೇಕೆಂದ ಹಾಡು ಬೆರಳ ತುದಿಯಲ್ಲಿ ಸಿಗುವಾಗ ನಾಲ್ಕು ಗಂಟೆಗೊಮ್ಮೆ ಬರುವ ಪವರ್ ಹಾಡಿಗೆ ಕಾಯುವವರಾರು? ಹೊಸ ಫೋನುಗಳಲ್ಲಿ ಎಫ್.ಎಂ. ಸೌಲಭ್ಯವೇ ಮಾಯವಾಗುತ್ತ ಬಂದು, 2023ರಲ್ಲಿ ಕೇಂದ್ರ ಸರ್ಕಾರ ಫೋನು ತಯಾರಕರಿಗೆ ಅದನ್ನು ಮುಚ್ಚಬೇಡಿ ಎಂದು ಸಲಹಾಪತ್ರ ಬರೆಯಬೇಕಾಯಿತು. ಕಾರು, ಆಟೋ, ಹೋಟೆಲಿನ ಅಡುಗೆಮನೆ, ಗಾರ್ಮೆಂಟ್ಸ್ ಹುಡುಗಿಯರ ಪಿ.ಜಿ. ಕೋಣೆ, ಇಲ್ಲೆಲ್ಲ ರೇಡಿಯೋ ಇನ್ನೂ ಇದೆ. ಸತ್ತಿದೆ ಎನ್ನುವವರು ಈ ಜಾಗಗಳಿಗೆ ಹೋಗದವರು.

ಈಗ ಈ ಲೆಕ್ಕ ಬೆಂಗಳೂರನ್ನು ಬಿಟ್ಟು ಸಣ್ಣ ಊರುಗಳಿಗೆ ಹೊರಟಿದೆ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ 234 ಹೊಸ ನಗರಗಳಲ್ಲಿ 730 ಚಾನೆಲ್ ಹರಾಜಿಗೆ ಒಪ್ಪಿಗೆ ಕೊಟ್ಟಿತು. ನಮ್ಮ ರಾಜ್ಯದ ಜಿಲ್ಲಾ ಪಟ್ಟಣಗಳೂ ಆ ಪಟ್ಟಿಯಲ್ಲಿವೆ. ಮಾತೃಭಾಷೆಯ, ಸ್ಥಳೀಯ ಕಾರ್ಯಕ್ರಮಗಳಿಗೆ ಇದರಿಂದ ಬಲ ಬರುತ್ತದೆಂದು ಸರ್ಕಾರದ ಪ್ರಕಟಣೆ ಹೇಳುತ್ತದೆ. 730ನ್ನು 234ರಿಂದ ಭಾಗಿಸಿ. ಊರಿಗೆ ಮೂರು ಚಿಲ್ಲರೆ. ಸ್ಟೈನರನ ಪ್ರಕಾರ ಮೂರು ಜನ ಬೇರೆ ಬೇರೆ ಮಾಲೀಕರು ಮೂರರಲ್ಲೂ ಅದೇ ಹೊಸ ಸಿನಿಮಾ ಹಾಡು ಹಾಕುತ್ತಾರೆ, ಆ ಊರಿನ ಸೋಬಾನೆ ಹೇಳುವವರಿಗೆ, ರಂಗಗೀತೆ ಹಾಡುವವರಿಗೆ, ಮಾರುಕಟ್ಟೆಯ ಧಾರಣೆ ಕೇಳಬೇಕಾದವರಿಗೆ ಯಾವುದೂ ಇಲ್ಲ. ಒಬ್ಬನೇ ಮಾಲೀಕನಿಗೆ ಎರಡು ಚಾನೆಲ್ ಕೊಟ್ಟರೆ ಎರಡನೆಯದು ಬೇರೆ ದಾರಿ ಹಿಡಿದೀತು. ಆದರೆ ನಿಯಮ ಏನೆಂದರೆ, ಒಂದು ನಗರದ ಚಾನೆಲ್ಲುಗಳಲ್ಲಿ ಶೇ. 40ಕ್ಕಿಂತ ಹೆಚ್ಚು ಒಬ್ಬರ ಕೈಗೆ ಹೋಗುವಂತಿಲ್ಲ. ಮೂರರಲ್ಲಿ ಶೇ. 40 ಎಂದರೆ 1.2. ನಾಲ್ಕರಲ್ಲಿ 1.6. ಎರಡನೆಯ ಚಾನೆಲ್ ಸಿಗಬೇಕಾದರೆ ಊರಿನಲ್ಲಿ ಕನಿಷ್ಠ ಐದಿರಬೇಕು. ಏಕಸ್ವಾಮ್ಯ ತಡೆಯಲೆಂದು ಮಹಾನಗರಕ್ಕೆ ಬರೆದ ಈ ನಿಯಮ ಸಣ್ಣ ಊರಿನಲ್ಲಿ ಏಕತಾನವನ್ನು ಕಾಯ್ದೆಯಾಗಿಸುತ್ತದೆ.

ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಚಾನೆಲ್ ಇರುವ ಊರುಗಳಲ್ಲಿ, ಸಿನಿಮಾ ಹಾಡಿಗೆ ಹೊರತಾದದ್ದನ್ನು ಹಾಕುತ್ತೇನೆಂದು ಬರೆದುಕೊಡುವವನಿಗೆ ಎರಡನೆಯ ಚಾನೆಲ್ ಕಡಿಮೆ ಬೆಲೆಗೆ ಕೊಡಲಿ ಎಂಬುದು ನನ್ನ ಬೇಡಿಕೆ. ಅವನು ಮಾತಿಗೆ ತಪ್ಪಿದರೆ ವಾಪಸು ಪಡೆಯಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಹರಾಜಿನ ಷರತ್ತುಗಳಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಇದರಲ್ಲಿ ತೊಡಕು ಕಂಡವರು ಈ ಸಭೆಯಲ್ಲಿ ಇರಬಹುದು. ಅಧ್ಯಕ್ಷರು ಅನುಮತಿ ಕೊಟ್ಟರೆ ಅವರ ಪ್ರಶ್ನೆಗಳಿಂದಲೇ ಚರ್ಚೆ ಶುರುಮಾಡೋಣ.